ಬಿದ್ದ ಮಳೆಯ ಲೆಕ್ಕ

ಮುಂಬಯಿಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಕರಾವಳಿಯ ಕಡೆಯವರು ಬಹುಮಂದಿ. ಮಳೆಗೆ ಅಂಜುವ ಜನ ಅವರಲ್ಲ. ಮುಂಬಯಿಗೆ ವರ್ಷಕ್ಕೆ ಬೀಳುವ ಮಳೆಯ ಒಂದೂವರೆಪಾಲಿಗೂ ಮಿಕ್ಕಿ ಉಡುಪಿ, ಮಂಗಳೂರುಗಳಲ್ಲಿ ಬೀಳುತ್ತದೆ. ಆದರೂ ಊರ ಮನೆಯ ಅಂಗಳದಲ್ಲಿ ನಿಲ್ಲದ ನೀರು ಮಾಟುಂಗದ ಕಿಂಗ್ಸ್ ಸರ್ಕಲ್ಲಿನಲ್ಲಿಯೂ ದಾದರದ ಹಿಂದಮಾತಾ ಬಳಿಯಲ್ಲಿಯೂ ಮೊಣಕಾಲು ಮುಳುಗುವಷ್ಟು ನಿಲ್ಲುವುದೇಕೆ? ಊರಿನಿಂದ ಬಂದ ಅಜ್ಜಿ ಈ ಪ್ರಶ್ನೆ ಕೇಳಿದರೆ, ‘ಇಲ್ಲಿ ಚರಂಡಿ ಸರಿಯಿಲ್ಲ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಉತ್ತರ ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ಉಳಿದರ್ಧ ನೆಲದಲ್ಲಿದೆ, ನಕ್ಷೆಯಲ್ಲಿದೆ, ಸ್ವಲ್ಪ ಲೆಕ್ಕದಲ್ಲಿದೆ. ಆ ಲೆಕ್ಕವನ್ನು ಮನೆಮಂದಿಯೆಲ್ಲ ಕುಳಿತು ಮಾಡಬಹುದಾದಷ್ಟು ಸುಲಭವಾಗಿ ಇಲ್ಲಿ ಹೇಳಲು ಯತ್ನಿಸುತ್ತೇವೆ.

ಮೊದಲು ಅಳತೆ. ‘ಇಂದು ನೂರು ಮಿಲಿಮೀಟರ್ ಮಳೆಯಾಯಿತು’ ಎಂದು ವಾರ್ತೆಯಲ್ಲಿ ಕೇಳುತ್ತೇವೆ. ಬಿದ್ದ ನೀರು ಎಲ್ಲಿಗೂ ಹರಿಯದೆ, ಇಂಗದೆ, ಆವಿಯಾಗದೆ ನಿಂತಿದ್ದರೆ ನೆಲದ ಮೇಲೆ ನೂರು ಮಿಲಿಮೀಟರ್ ಎತ್ತರ ನಿಲ್ಲುತ್ತಿತ್ತು ಎಂದು ಅದರ ಅರ್ಥ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ಒಂದು ಮಿಲಿಮೀಟರ್ ಬಿದ್ದರೆ ಹತ್ತು ಸಾವಿರ ಲೀಟರ್. ಬೇಸಗೆಯಲ್ಲಿ ನಮ್ಮ ಸೊಸೈಟಿಗಳಿಗೆ ಬರುವ ನೀರಿನ ಟ್ಯಾಂಕರ್ ಸಾಮಾನ್ಯವಾಗಿ ಇಷ್ಟು ಹೊರುತ್ತದೆ. ಒಂದು ಹೆಕ್ಟೇರ್, ಒಂದು ಮಿಲಿಮೀಟರ್, ಒಂದು ಟ್ಯಾಂಕರ್: ಇದನ್ನು ನೆನಪಿನಲ್ಲಿಟ್ಟರೆ ಸಾಕು.

೨೦೦೫ರ ಜುಲೈ ೨೬ರ ನೆನಪು ಅಂದು ಮುಂಬಯಿಯಲ್ಲಿದ್ದ ಯಾರಿಗೂ ಮಾಸಿರಲಾರದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ ೨೪ ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ದಾಖಲಾದ ಮಳೆ ೯೪೪ ಮಿಲಿಮೀಟರ್. ಎಂದರೆ ಆ ಭಾಗದ ಪ್ರತಿಯೊಂದು ಹೆಕ್ಟೇರಿನ ಮೇಲೂ ಆಕಾಶವು ೯೪೪ ಟ್ಯಾಂಕರ್ ನೀರನ್ನು ಸುರಿದು ಹೋಯಿತು. ಸೋಜಿಗವೆಂದರೆ ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಬರೇ ೭೩ ಮಿಲಿಮೀಟರ್. ಕೋಟೆ ವಿಭಾಗದ ಕಚೇರಿಗಳಲ್ಲಿ ಕುಳಿತವರಿಗೆ ಉಪನಗರಗಳಲ್ಲಿ ಏನಾಗುತ್ತಿದೆಯೆಂಬುದು ಸಂಜೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ರೈಲು ನಿಂತಿತ್ತು. ಕುರ್ಲಾ, ಕಲೀನಾ, ವಾಕೋಲಾಗಳಲ್ಲಿ ನಮ್ಮವರ ಎಷ್ಟೋ ಮನೆಗಳ ನೆಲ ಅಂತಸ್ತು ನೀರೊಳಗಿತ್ತು. ನಗರದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಅಷ್ಟು ಮಳೆಯನ್ನು ಯಾವ ಚರಂಡಿಯೂ ತಾಳದು, ನಿಜ. ಆದರೆ ಚರಂಡಿಗಳನ್ನು ಎಷ್ಟು ಮಳೆಗೆಂದು ಕಟ್ಟಿದ್ದರು? ಹಳೆಯ ವ್ಯವಸ್ಥೆಯ ಲೆಕ್ಕ ಹೀಗಿತ್ತು: ಗಂಟೆಗೆ ೨೫ ಮಿಲಿಮೀಟರ್ ಮಳೆ ಬೀಳಬಹುದು, ಬಿದ್ದದ್ದರಲ್ಲಿ ಅರ್ಧ ಹರಿದು ಬರಬಹುದು, ಉಳಿದರ್ಧ ಮಣ್ಣಿನಲ್ಲಿ ಇಂಗಬಹುದು. ಈ ‘ಅರ್ಧ’ ಎಂಬ ಮಾತಿನಲ್ಲಿಯೇ ನಮ್ಮ ಕಥೆಯ ತಿರುಳಿದೆ.

ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲೆಷ್ಟು ಎಂಬುದನ್ನು ಇಂಜಿನಿಯರರು ಒಂದು ಗುಣಾಂಕದಿಂದ ಸೂಚಿಸುತ್ತಾರೆ. ಎಲ್ಲವೂ ಹರಿದರೆ ೧. ಏನೂ ಹರಿಯದಿದ್ದರೆ ಸೊನ್ನೆ. ಡಾಮರು, ಕಾಂಕ್ರೀಟು, ತಾರಸಿಗಳಿಗೆ ಇದು ೦.೭ರಿಂದ ೦.೯೫ರ ತನಕ, ಹುಲ್ಲುನೆಲಕ್ಕೆ, ಮಣ್ಣಿನ ಗುಣವನ್ನೂ ಇಳಿಜಾರನ್ನೂ ನೋಡಿ, ೦.೦೫ರಿಂದ ೦.೩೫ರ ತನಕ. ಮಳೆಯ ಬಿರುಸು, ನೆಲದ ವಿಸ್ತೀರ್ಣ, ಈ ಗುಣಾಂಕ, ಮೂರನ್ನೂ ಗುಣಿಸಿದರೆ ಚರಂಡಿಗೆ ಬರುವ ನೀರು ಎಷ್ಟೆಂದು ಸಿಗುತ್ತದೆ. ಐರ್ಲೆಂಡಿನ ಇಂಜಿನಿಯರ್ ಮಲ್ವನಿ ೧೮೫೧ರಲ್ಲಿ ಈ ವಿಚಾರವನ್ನು ಮುಂದಿಟ್ಟ. ಅಮೆರಿಕದ ರೋಚೆಸ್ಟರ್ ನಗರದ ಚರಂಡಿಗಳಿಗಾಗಿ ಕುಯಿಕ್ಲಿಂಗ್ ಎಂಬಾತ ೧೮೮೯ರಲ್ಲಿ ಅದನ್ನು ಬಳಕೆಗೆ ತಂದ. ಇಷ್ಟು ಹಳೆಯ ಸೂತ್ರ ಇಂದಿಗೂ ಉಳಿದಿರುವುದಕ್ಕೆ ಅದರ ಸರಳತೆಯೇ ಕಾರಣವೆಂದು ತೋರುತ್ತದೆ.

ಒಂದು ನಿದರ್ಶನವನ್ನು ನೋಡೋಣ. ಉಪನಗರದಲ್ಲಿ ನಾಲ್ಕು ಸಾವಿರ ಚದರ ಮೀಟರಿನ, ಎಂದರೆ ಸುಮಾರು ಒಂದು ಎಕರೆಯ, ನಿವೇಶನವೊಂದಿದೆ ಎನ್ನೋಣ. ಹಿಂದೆ ಅಲ್ಲಿ ೮೦೦ ಚದರ ಮೀಟರ್ ಮಾಡು, ಉಳಿದ ೩,೨೦೦ ಚದರ ಮೀಟರ್ ತೋಟ. ಮಾಡಿಗೆ ೦.೯, ತೋಟಕ್ಕೆ ೦.೨೫ ಹಿಡಿದರೆ ಇಡೀ ನಿವೇಶನದ ಗುಣಾಂಕ ೦.೩೮. ಈಗ ಅಲ್ಲಿ ಎರಡು ಗೋಪುರಗಳೆದ್ದಿವೆ: ೧,೬೦೦ ತಾರಸಿ, ಮೋಟಾರು ನಿಲ್ಲಲು ಕಾಂಕ್ರೀಟು ಹಾಸಿದ್ದು ೨,೦೦೦, ಮೂಲೆಯಲ್ಲಿ ೪೦೦ ಚದರ ಮೀಟರಿನ ‘ಉದ್ಯಾನ’. ಗುಣಾಂಕ ಸುಮಾರು ೦.೮೪ಕ್ಕೆ ಏರಿತು. ಗಂಟೆಗೆ ೫೦ ಮಿಲಿಮೀಟರ್ ಮಳೆ ಬಂದರೆ, ಹಿಂದೆ ಆ ಕಾಂಪೌಂಡಿನಿಂದ ರಸ್ತೆಗೆ ಬರುತ್ತಿದ್ದದ್ದು ಗಂಟೆಗೆ ೭೬ ಸಾವಿರ ಲೀಟರ್. ಈಗ ಬರುವುದು ೧ ಲಕ್ಷ ೬೭ ಸಾವಿರ. ಮಳೆ ಒಂದು ಹನಿಯೂ ಹೆಚ್ಚಲಿಲ್ಲ. ರಸ್ತೆಯ ಚರಂಡಿಯೂ ಹಳೆಯದೇ. ಹೀಗೆ ಬೀದಿಯುದ್ದಕ್ಕೂ ಮನೆಮನೆಯೂ ತನ್ನ ನೀರನ್ನು ಹೊರಗಟ್ಟಿದರೆ ಬೀದಿಯ ಕೊನೆಯಲ್ಲಿ, ತಗ್ಗಿನಲ್ಲಿರುವ ಚಾಳಿನ ಗತಿ ಏನು? ನೀರು ನಿಂತಾಗ ನಾವು ಬಯ್ಯುವುದು ಚರಂಡಿಯನ್ನು. ಕಾಂಪೌಂಡಿಗೆ ಕಲ್ಲು ಹಾಸಲು ಸೊಸೈಟಿಯ ಸಭೆಯಲ್ಲಿ ಕೈ ಎತ್ತಿದವರೂ ನಾವೇ.

ನೀರಿನ ಮೊತ್ತದಷ್ಟೇ ಮುಖ್ಯವಾದದ್ದು ಅದು ಬರುವ ಹೊತ್ತು. ಮದುವೆಯ ಊಟಕ್ಕೆ ಸಾವಿರ ಜನ ಬರುವುದಾದರೆ ಅಡುಗೆಯವನಿಗೆ ಭಯವಿಲ್ಲ. ನಾಲ್ಕು ಪಂಕ್ತಿಯಲ್ಲಿ ಬಂದರೆ ಬಡಿಸಿ ಮುಗಿಸುತ್ತಾನೆ. ಸಾವಿರವೂ ಒಮ್ಮೆಗೇ ಎಲೆಯ ಮುಂದೆ ಕುಳಿತರೆ ಗೊಂದಲ. ಗದ್ದೆ, ತೋಡು, ಹುಲ್ಲು, ಒಣಗಿದೆಲೆಗಳ ನಡುವೆ ತಡೆದು ತಡೆದು ಬರುವ ನೀರು ಪಂಕ್ತಿಯ ಶಿಸ್ತಿನಲ್ಲಿ ಬರುತ್ತದೆ. ನುಣುಪಾದ ಕಾಂಕ್ರೀಟಿನ ಮೇಲೆ ಜಾರುವ ನೀರು ಕೆಲವೇ ನಿಮಿಷಗಳಲ್ಲಿ ಎಲ್ಲವೂ ಒಟ್ಟಿಗೆ ನಾಲಾದ ಬಾಯಿಗೆ ಬರುತ್ತದೆ. ಆದ್ದರಿಂದಲೇ, ಪ್ರದೇಶದ ಅತಿದೂರದ ಮೂಲೆಯ ನೀರು ಚರಂಡಿಯ ಬಾಯಿಗೆ ತಲುಪಲು ಎಷ್ಟು ಹೊತ್ತು ಬೇಕೆಂಬುದನ್ನು ಮೊದಲು ತಿಳಿದು, ಅಷ್ಟು ಹೊತ್ತಿನ ಬಿರುಮಳೆಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇದೆ. ಊರ ಮನೆಯ ಅಂಗಳದ ಗುಟ್ಟೂ ಇದೇ: ಇಳಿಜಾರು, ನೀರು ಕುಡಿಯುವ ಮುರಕಲ್ಲಿನ ನೆಲ, ಕೆಳಗೆ ನೀರನ್ನು ಹಿಡಿದಿಡುವ ಗದ್ದೆ. ಗದ್ದೆ ಹೋಗಿ ಬಡಾವಣೆ ಬಂದ ಕಡೆ ಆ ಗುಟ್ಟೂ ಹೋಯಿತು. ೨೦೧೮ರ ಮೇ ೨೯ರಂದು ಮಂಗಳೂರೂ ಮುಳುಗಿದ್ದನ್ನು ನಾವು ಕಂಡೆವು.

ಇನ್ನು ನಕ್ಷೆಯ ವಿಚಾರ. ಒಂದು ನಿವೇಶನದ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು. ಲಕ್ಷಗಟ್ಟಲೆ ನಿವೇಶನಗಳ ಮಹಾನಗರದ್ದನ್ನು ಮಾಡುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಇಂಜಿನಿಯರರ ಬಾಯಲ್ಲಿ ಜಿ.ಐ.ಎಸ್. ಹೆಸರು ಭಾರಿ, ತತ್ತ್ವ ಹಗುರ. ಹಿಂದೆ ನಕ್ಷೆಗಾರರು ಪಾರದರ್ಶಕ ಹಾಳೆಗಳ ಮೇಲೆ ಒಂದರಲ್ಲಿ ರಸ್ತೆ, ಒಂದರಲ್ಲಿ ಗುಡ್ಡ, ಒಂದರಲ್ಲಿ ಮಣ್ಣಿನ ಜಾತಿ ಬರೆದು, ಒಂದರ ಮೇಲೊಂದಿಟ್ಟು ದೀಪದ ಎದುರು ಹಿಡಿದು ನೋಡುತ್ತಿದ್ದರು. ಆ ಹಾಳೆಗಳನ್ನೇ ಗಣಕಯಂತ್ರದೊಳಗೆ ಇಟ್ಟರೆ ಜಿ.ಐ.ಎಸ್. ಕೆನಡಾ ದೇಶದ ಭೂಸಂಪತ್ತಿನ ಎಣಿಕೆಗಾಗಿ ೧೯೬೦ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಇದಕ್ಕೆ ನಾಂದಿ ಹಾಡಿದರು. ಯಂತ್ರ ಹಾಳೆಗಳನ್ನು ತೋರಿಸುವುದಷ್ಟೇ ಅಲ್ಲ, ಅವುಗಳ ನಡುವೆ ಲೆಕ್ಕವನ್ನೂ ಮಾಡುತ್ತದೆ: ‘ತಗ್ಗಿನಲ್ಲಿದ್ದು, ಕಾಂಕ್ರೀಟು ಹಾಸಿದ್ದು, ನಾಲಾಕ್ಕೆ ನೂರು ಮೀಟರಿನ ಒಳಗಿರುವ ಮನೆಗಳೆಷ್ಟು?’ ಎಂದು ಕೇಳಿದರೆ ಎಣಿಸಿ ಹೇಳುತ್ತದೆ.

ನೀರಿನ ದಾರಿಯನ್ನು ಅದು ಕಂಡುಹಿಡಿಯುವ ಬಗೆ ಮಕ್ಕಳ ಆಟದಂತಿದೆ. ನಗರವನ್ನು ಚದುರಂಗದ ಹಾಸಿನಂತೆ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಗೂ ಅದರ ನೆಲದ ಎತ್ತರವನ್ನು ಬರೆಯುತ್ತಾರೆ. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆಗಳು. ಅವುಗಳಲ್ಲಿ ಯಾವ ಕಡೆಗೆ ಇಳಿಜಾರು ಹೆಚ್ಚೋ ಆ ಕಡೆಗೆ ನೀರು ಹೋಗುತ್ತದೆ ಎಂಬುದೊಂದೇ ನಿಯಮ. ಹೀಗೆ ಮನೆಯಿಂದ ಮನೆಗೆ ಬಾಣದ ಗುರುತು ಹಾಕುತ್ತ ಹೋದರೆ ಎಲ್ಲಿ ಬಾಣಗಳು ಕೂಡುತ್ತವೆಯೋ ಅದು ಹಳ್ಳ. ಆ ಹಳ್ಳಕ್ಕೆ ನೀರು ಕಳುಹಿಸುವ ಮನೆಗಳನ್ನೆಲ್ಲ ಒಟ್ಟುಗೂಡಿಸಿದರೆ ಅದರ ಜಲಾನಯನ ಪ್ರದೇಶ. ವಿಹಾರ್, ಪವಯಿ ಕೆರೆಗಳ ಕೋಡಿಯಲ್ಲಿ ಹುಟ್ಟಿ, ವಿಮಾನ ನಿಲ್ದಾಣದ ಬದಿಯಲ್ಲಿ ಬಳಸಿ, ಕುರ್ಲಾ ಹಾದು ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರುವ ಮೀಠಿ ನದಿಯನ್ನು ಹೀಗೆ ಬರೆದು ನೋಡಿದರೆ, ತಾವು ನದಿಯ ದಡದವರೆಂದು ಕನಸಿನಲ್ಲಿಯೂ ಎಣಿಸದ ಎಷ್ಟೋ ಜನ ನದಿಯ ಬಳಗದವರೆಂದು ತಿಳಿದುಬರುತ್ತದೆ.

ಎತ್ತರದ ಅಂಕಿ ಎಲ್ಲಿಂದ ಬರುತ್ತದೆ? ೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ನಮ್ಮ ದೇಶ ೨೦೦೫ರ ಮೇ ತಿಂಗಳಲ್ಲಿ ಹಾರಿಸಿದ ಕಾರ್ಟೋಸ್ಯಾಟ್-೧ ಉಪಗ್ರಹ, ಎರಡು ಕಣ್ಣಿನಂತೆ ಎರಡು ಕ್ಯಾಮರಾಗಳಿಂದ ಚಿತ್ರ ತೆಗೆದು ಏರುತಗ್ಗನ್ನು ತಿಳಿಸಿತು. ಇವು ದೊಡ್ಡ ಸಾಧನೆಗಳು. ಆದರೆ ನಗರದ ಮಳೆನೀರಿಗೆ ಸಾಲವು ಎಂಬುದು ನಮ್ಮ ಅಭಿಪ್ರಾಯ. ಇಂಥ ನಕ್ಷೆಗಳಲ್ಲಿ ಒಂದು ಮನೆಯ ಅಗಲ ಸಾಮಾನ್ಯವಾಗಿ ಮೂವತ್ತು ಮೀಟರ್: ಚಾಳು, ಓಣಿ, ಚರಂಡಿ ಎಲ್ಲವೂ ಒಂದೇ ಚೌಕದಲ್ಲಿ ಅಡಗಿಹೋಗುತ್ತವೆ. ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಡಮೆ ಇರುತ್ತದೆ. ನಮ್ಮ ಹೊಸ್ತಿಲಿಗೂ ರಸ್ತೆಗೂ ಇರುವ ವ್ಯತ್ಯಾಸ ಒಂದು ಗೇಣು. ಮೇಲಾಗಿ ರೈಲಿನ ಏರಿ, ಕಾಂಪೌಂಡು ಗೋಡೆ, ಮೇಲುಸೇತುವೆಗಳು ನಕ್ಷೆಯಲ್ಲಿ ಗುಡ್ಡದಂತೆ ಕಂಡು ಬಾಣಗಳನ್ನು ತಪ್ಪು ದಾರಿಗೆಳೆಯುತ್ತವೆ. ನೆಲದೊಳಗಿನ ಚರಂಡಿಯಂತೂ ಆಕಾಶದ ಕಣ್ಣಿಗೆ ಕಾಣುವುದೇ ಇಲ್ಲ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆಯುವ ಲೈಡಾರ್ ವಿಧಾನದಲ್ಲಿ ಎತ್ತರವು ಗೇಣಿನ ಒಳಗಿನ ನಿಖರತೆಯಲ್ಲಿ ಸಿಗುತ್ತದೆ. ಅದಿದ್ದರೂ ಯಾರಾದರೊಬ್ಬರು ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ಕೊಳವೆ ಎಷ್ಟು ಅಗಲ, ಎಷ್ಟು ಆಳ, ಅರ್ಧ ಹೂಳು ತುಂಬಿದೆಯೇ ಎಂದು ಬಗ್ಗಿ ನೋಡಲೇಬೇಕು. ಬಣ್ಣಬಣ್ಣದ ನಕ್ಷೆಯನ್ನು ಕಂಡು ಮರುಳಾಗುವವರಿಗೆ ಈ ಮಾತು ರುಚಿಸದು.

ಪ್ರತಿ ಚೌಕದ ನೆಲ ಎಂಥದ್ದೆಂದು ತಿಳಿದ ಮೇಲೆ ಗುಣಾಂಕವನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ೧೯೫೦ರ ದಶಕದಲ್ಲಿ ರೂಪಿಸಿದ ಇನ್ನೊಂದು ವಿಧಾನವನ್ನು ನಕ್ಷೆಯೊಂದಿಗೆ ಹೆಚ್ಚಾಗಿ ಬಳಸುತ್ತಾರೆ. ಅದರಲ್ಲಿ ಮಣ್ಣು, ನೆಲದ ಬಳಕೆಗಳನ್ನು ನೋಡಿ ಪ್ರತಿ ಜಾಗಕ್ಕೂ ನೂರರ ಒಳಗಿನ ಒಂದು ಅಂಕ: ಕಾಂಕ್ರೀಟಿಗೆ ೯೮, ಸಾಧಾರಣವಾಗಿ ನೀರು ಕುಡಿಯುವ ಮಣ್ಣಿನ ಮೇಲೆ ಹುಲುಸಾಗಿ ಬೆಳೆದ ಹುಲ್ಲಿಗೆ ೬೧. ಈ ಅಂಕಗಳನ್ನು ಸೂತ್ರಕ್ಕೆ ಹಾಕಿ ನಾವು ಗುಣಿಸಿ ನೋಡಿದೆವು. ೧೦೦ ಮಿಲಿಮೀಟರ್ ಮಳೆ ಬಿದ್ದರೆ ಕಾಂಕ್ರೀಟಿನಿಂದ ೯೪ ಹರಿದು ಬರುತ್ತದೆ. ಹುಲ್ಲಿನಿಂದ ಬರುವುದು ೨೦ ಮಾತ್ರ. ಉದ್ಯಾನದ ಪಕ್ಷಪಾತಿಗಳಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಅದೇ ಸೂತ್ರಕ್ಕೆ ೯೪೪ ಮಿಲಿಮೀಟರ್ ಹಾಕಿದರೆ? ಹುಲ್ಲಿನಿಂದಲೂ ೭೭೦ಕ್ಕೆ ಮಿಕ್ಕಿ ಹರಿದು ಬರುತ್ತದೆ. ಮಣ್ಣು ಕುಡಿಯುವಷ್ಟು ಕುಡಿದು ತೃಪ್ತಿಯಾದ ಮೇಲೆ ಅದೂ ಕಾಂಕ್ರೀಟಿನಂತೆಯೇ. ಆದ್ದರಿಂದ ವರ್ಷವರ್ಷವೂ ನಾಲ್ಕಾರು ಸಲ ಬರುವ ಮಳೆಗೆ ಹಸುರು ನೆಲ ದೊಡ್ಡ ಆಸರೆ. ೨೦೦೫ರಂಥ ಪ್ರಳಯಕ್ಕೆ ಬೇಕಾದದ್ದು ನೀರು ನಿಲ್ಲಲು ಜಾಗ, ಎಂದರೆ ನದಿಯ ಅಗಲ, ಕಾಂಡ್ಲಾ ಕಾಡಿನ ಕೆಸರುನೆಲ, ತಗ್ಗಿನ ಮೈದಾನ. ಮೀಠಿಯ ಬದಿಯಲ್ಲಿ ಅಂಥ ಜಾಗವನ್ನು ತುಂಬಿಸಿ ಕಟ್ಟಡಗಳನ್ನೆಬ್ಬಿಸಿದ ಮೇಲೆ ನದಿ ತನ್ನ ಪಾಲನ್ನು ಕುರ್ಲಾದ ಮನೆಗಳಲ್ಲಿ ಕೇಳಿತು.

ಮುಂಬಯಿಯ ಲೆಕ್ಕದಲ್ಲಿ ಸಮುದ್ರವೂ ಒಂದು ಪಾತ್ರ. ಮಳೆನೀರು ಸಮುದ್ರಕ್ಕೆ ಬೀಳುವ ೧೮೬ ಬಾಯಿಗಳಲ್ಲಿ ೪೫ ಸರಾಸರಿ ಸಮುದ್ರಮಟ್ಟಕ್ಕಿಂತಲೂ ಕೆಳಗಿವೆ. ಉಳಿದವುಗಳಲ್ಲಿ ಹೆಚ್ಚಿನವು ಉಬ್ಬರದ ಮಟ್ಟಕ್ಕಿಂತ ಕೆಳಗೆ. ದೊಡ್ಡ ಉಬ್ಬರ ಬಂದಾಗ ನೀರು ಹೊರಗೆ ಹೋಗುವುದಿರಲಿ, ಒಳಗೆ ನುಗ್ಗುತ್ತದೆ. ೨೦೦೫ರಲ್ಲಿಯೂ ಬಿರುಮಳೆಯ ಹೊತ್ತಿಗೇ ಸಮುದ್ರ ಸುಮಾರು ನಾಲ್ಕೂವರೆ ಮೀಟರ್ ಉಬ್ಬಿತ್ತು. ಮಳೆ ಹಾಗೂ ಉಬ್ಬರ ಒಂದೇ ಗಳಿಗೆಯಲ್ಲಿ ಕೂಡಿದರೆ ಯಾವ ಬೀದಿಯಲ್ಲಿ ಎಷ್ಟು ನೀರು ಎಂಬುದನ್ನು ನಕ್ಷೆಯ ಮೇಲೆ ಮೊದಲೇ ಬರೆದು ನೋಡದೆ ಪಂಪುಗಳನ್ನು ಎಲ್ಲಿ ಕೂರಿಸುವುದೆಂದು ತಿಳಿಯದು.

೧೯೯೩ರಲ್ಲಿಯೇ ತಜ್ಞರು ಬ್ರಿಮ್‌ಸ್ಟೋವಾಡ್ ಎಂಬ ವರದಿಯಲ್ಲಿ ಹಳೆಯ ಲೆಕ್ಕವನ್ನು ಬಿಡಿರೆಂದು ಹೇಳಿದ್ದರು: ಮಳೆ ಗಂಟೆಗೆ ೨೫ ಅಲ್ಲ, ೫೦, ಗುಣಾಂಕ ಅರ್ಧವಲ್ಲ, ಒಂದು. ಮಳೆ ಇಮ್ಮಡಿ, ಗುಣಾಂಕ ಇಮ್ಮಡಿ. ಒಂದು ಹೆಕ್ಟೇರಿನಿಂದ ಸೆಕೆಂಡಿಗೆ ೩೫ ಲೀಟರ್ ಬರುವುದೆಂದು ಎಣಿಸಿದ್ದ ಜಾಗದಲ್ಲಿ ಈಗ ೧೩೯ ಲೀಟರ್. ಚರಂಡಿ ನಾಲ್ಕು ಪಟ್ಟು ದೊಡ್ಡದಾಗಬೇಕು. ವರದಿ ಬಹುಮಟ್ಟಿಗೆ ಕಪಾಟಿನಲ್ಲಿ ಹನ್ನೆರಡು ವರ್ಷ ಕಳೆಯಿತು. ೨೦೦೫ರ ಅನಂತರ ಮಾಧವ ಚಿತಳೆ ಅವರ ಸಮಿತಿ ವಿಚಾರಣೆ ನಡೆಸಿತು, ಕೆಲಸಗಳು ಆರಂಭವಾದವು, ಹಾಜಿ ಅಲಿ, ಇರ್ಲಾ ಮೊದಲಾದೆಡೆ ದೊಡ್ಡ ಪಂಪುಗಳು ಬಂದವು, ನಗರದ ಎಲ್ಲೆಡೆ ತಾವಾಗಿಯೇ ಮಳೆ ಅಳೆಯುವ ಯಂತ್ರಗಳನ್ನು ಇಟ್ಟರು. ಹಿಂದಮಾತಾದ ನೀರನ್ನು ಉಬ್ಬರ ಇಳಿಯುವ ತನಕ ಹಿಡಿದಿಡಲು ದಾದರ್, ಪರೇಲ್‌ಗಳ ಮೈದಾನಗಳ ಅಡಿಯಲ್ಲಿ ತೊಟ್ಟಿಗಳನ್ನು ಕಟ್ಟಿದರು. ೨೦೨೦ರಲ್ಲಿ ‘ಐಫ್ಲೋಸ್’ ಎಂಬ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು: ಬರಲಿರುವ ಮಳೆ, ಉಬ್ಬರ, ನೆಲದ ಎತ್ತರ, ಚರಂಡಿ ಎಲ್ಲವನ್ನೂ ನಕ್ಷೆಯಲ್ಲಿ ಕೂಡಿಸಿ ಯಾವ ವಾರ್ಡಿನಲ್ಲಿ ಎಷ್ಟು ನೀರು ನಿಂತೀತೆಂದು ಮುಂಚಿತವಾಗಿ ಹೇಳುವ ಯತ್ನ ಅದು.

ಹೈದರಾಬಾದಿನ ನಮ್ಮ ಬಂಧುಗಳು ಇದನ್ನೋದಿ, ‘ಈ ಲೆಕ್ಕವನ್ನು ಒಬ್ಬ ಕನ್ನಡಿಗರು ನಮ್ಮೂರಿನಲ್ಲಿ ಎಂದೋ ಮಾಡಿದ್ದರಲ್ಲ!’ ಎಂದಾರು. ಹೌದು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಹೈದರಾಬಾದನ್ನು ಕೊಚ್ಚಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿ ಪ್ರಾಂತದಲ್ಲಿ ದೀರ್ಘ ಸೇವೆ ಸಲ್ಲಿಸಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರಕಾರ ಮರುವರ್ಷ ಕರೆಸಿಕೊಂಡಿತು. ನಗರದ ಬೀದಿಗಳಲ್ಲಿ ಉತ್ತರ ಹುಡುಕದೆ ಅವರು ನಗರದ ಮೇಲಣ ಜಲಾನಯನವನ್ನು ಅಳೆದರು: ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆಗಳು ಒಡೆದವು, ಎಲ್ಲ ಸೇರಿ ನದಿಗೆ ಬಂದ ನೀರೆಷ್ಟು. ಇನ್ನೂರಕ್ಕೂ ಮಿಕ್ಕಿ ಕೆರೆಗಳು ಒಡೆದಿದ್ದವು. ಪ್ರವಾಹವನ್ನು ಊರಿನ ಮೇಲೆಯೇ ತಡೆದು, ಮೆಲ್ಲನೆ ಬಿಡಬೇಕೆಂದು ಅವರು ಸಲಹೆ ಕೊಟ್ಟರು. ಮತ್ತೆ ಪಂಕ್ತಿಯ ಶಿಸ್ತೇ! ೧೯೨೦ರಲ್ಲಿ ಉಸ್ಮಾನ್ ಸಾಗರ, ೧೯೨೭ರಲ್ಲಿ ಹಿಮಾಯತ್ ಸಾಗರ ಮುಗಿದವು. ಉಪಗ್ರಹವಿಲ್ಲ, ಗಣಕಯಂತ್ರವಿಲ್ಲ, ಭೂಪಟ, ಮಳೆಮಾಪಕ, ಪೆನ್ಸಿಲು ಇಷ್ಟೇ. ೨೦೨೦ರ ಅಕ್ಟೋಬರಿನಲ್ಲಿ ಹೈದರಾಬಾದು ಮತ್ತೆ ಮುಳುಗಿದಾಗ ನೀರು ನಿಂತ ಬಡಾವಣೆಗಳಲ್ಲಿ ಹಲವು ಹಳೆಯ ಕೆರೆಗಳ ಒಡಲಿನಲ್ಲಿಯೇ ಎದ್ದವು. ಹಳೆಯ ಸರ್ವೆ ಹಾಳೆಯನ್ನು ಇಂದಿನ ನಕ್ಷೆಯ ಮೇಲೆ ಇಟ್ಟರೆ ಇಂಥ ಕೆರೆಗಳು ಮನೆಗಳ ಕೆಳಗಿನಿಂದ ಇಣುಕಿ ನೋಡುತ್ತವೆ.

ಆದುದರಿಂದ ಪುಣೆಯಲ್ಲಿಯೋ ಚೆನ್ನೈಯಲ್ಲಿಯೋ ಹೊಸ ಮನೆ ಕೊಳ್ಳಲಿರುವವರು ವಾಸ್ತುವನ್ನು ಕೇಳುವ ಮುನ್ನ, ಹಳೆಯ ನಕ್ಷೆಯಲ್ಲಿ ಆ ಜಾಗ ಏನಾಗಿತ್ತೆಂದು ಕೇಳಲಿ. ಭಾರತದ ಬಾಹ್ಯಾಕಾಶ ಸಂಸ್ಥೆಯ ‘ಭುವನ್’ ನಕ್ಷೆಗಳನ್ನು ಮನೆಯಲ್ಲಿಯೇ ತೆರೆದು ನೋಡಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಅದು ನಮಗಿಂತ ಬೇಗ ಬಂದೀತು. ಅವರಿಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಬಹುದು. ನೇರವಾದ ಗೋಡೆ, ಚಪ್ಪಟೆ ತಳದ ಡಬ್ಬಿಯೊಂದನ್ನು ತಾರಸಿಯಲ್ಲಿ, ನೀರಿನ ಟಾಕಿ, ಗೋಡೆಗಳಿಂದ ದೂರವಾಗಿ ಇಡಲಿ. ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ ಇರಲಿ. ಒಳಗಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ನೋಡಿ ಬರೆದಿಡಲಿ. ಬಿರುಮಳೆ ಬಂದ ದಿನ ಕಾಂಪೌಂಡಿನ ಗೇಟಿನಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಇಳಿಯಿತು, ಆಗ ಉಬ್ಬರವೋ ಇಳಿತವೋ ಎಂಬುದನ್ನೂ ಪಕ್ಕದಲ್ಲಿ ಗುರುತಿಸಲಿ. ಡಬ್ಬಿಯನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ಚೆಲ್ಲುವುದು ಒಳ್ಳೆಯದು; ಹವಾಮಾನ ಇಲಾಖೆ ಸಾಂತಾಕ್ರೂಜಿನಲ್ಲಿ ಮಳೆಯನ್ನು ಅಳೆದು ಬರೆಯುವ ಹೊತ್ತೂ ಅದೇ.